ಮುಂಗಾಲು ಮೋಟಾದ ಕುರ್ಚಿ

ಹಿರಿಯ ಮಂತ್ರಿಗಳ ಹಳ್ಳಿಮನೆಯಲ್ಲಿ ಒಂದು ಕುರ್ಚಿಯಿತ್ತು. ನೋಡುವುದಕ್ಕೆ ಉಳಿದ ಕುರ್ಚಿಗಳೊಂದಿಗೆ ಒಡಹುಟ್ಟಿದಂತೆಯೇ. ಆದರೆ ಮಂತ್ರಿಗಳೇ ಬಡಗಿಯನ್ನು ಕರೆಸಿ ಅದರ ಮುಂಗಾಲುಗಳನ್ನು ಒಂದಿಷ್ಟು ಮೋಟು ಮಾಡಿಸಿದ್ದರು. ಕೂತವರು ತಮಗೇ ತಿಳಿಯದಂತೆ ಮುಂದೆ ಜಾರುತ್ತ, ಜಾರಿದ್ದನ್ನು ಮರೆಮಾಚಲು ಹಿಂದೆ ಸರಿಯುತ್ತ, ಕೊನೆಗೆ ಏನೋ ತುರ್ತು ಕೆಲಸ ನೆನಪಾಗಿ ಎದ್ದು ಹೋಗುತ್ತಿದ್ದರು. ಬೇಡದ ಅತಿಥಿಗೆ ಅದನ್ನು ಹಾಕುವುದು ಬಾಗಿಲಣ್ಣನ ಕೆಲಸ. ಆ ಮನೆಯ ಬಾಗಿಲು ತೆಗೆದು ಮುಚ್ಚುವುದರಲ್ಲೇ ಅವನ ತಲೆ ನರೆತಿತ್ತು. ನಿಜವಾದ ಹೆಸರನ್ನು ಹೆಂಡತಿಯೂ ಮರೆತಿದ್ದಳು.

ಅವತ್ತು ಮಂತ್ರಿಮಂಡಲವೆಲ್ಲ ಪಟ್ಟಣದ ಕಣ್ಣು ತಪ್ಪಿಸಿ ಅಲ್ಲಿ ಸೇರುವುದಿತ್ತು. ನೆರೆದೇಶದ ಮೇಲೆ ಯುದ್ಧಕ್ಕೆ ಹೋಗುವುದೋ ಬಿಡುವುದೋ, ಊಟವಾದ ಮೇಲೆ ತೀರ್ಮಾನ. ಬಾಗಿಲಣ್ಣನ ಒಬ್ಬನೇ ಮಗ ಗಡಿಯ ಠಾಣೆಯಲ್ಲಿ ಬಂದೂಕು ಹಿಡಿದು ನಿಂತಿದ್ದ.

ಬೆಳಗ್ಗೆ ಮಂತ್ರಿಗಳು ಅವನನ್ನು ಕರೆದು, "ಸೇನಾಪತಿಗಳಿಗೆ ನನ್ನ ಮೆತ್ತನೆ ಕುರ್ಚಿ ಹಾಕಯ್ಯ. ಕಿಟಕಿ ಪಕ್ಕ, ಬಿಸಿಲು ಬೀಳೋ ಕಡೆ," ಎಂದರು.

ಯುದ್ಧ ಯುದ್ಧ ಎಂದು ದೇಶವೆಲ್ಲ ಡಂಗುರ ಹೊಡೆಯುತ್ತಿದ್ದವರೇ ಆ ಸೇನಾಪತಿ. ಅವರಿಗೆ ಯಜಮಾನರ ಸ್ವಂತ ಕುರ್ಚಿ!

"ಯಜಮಾನರೂ ಆ ಕಡೆ ವಾಲಿಬಿಟ್ರು ಕಣಕ್ಕ," ಎಂದು ಬಾಗಿಲಣ್ಣ ಅಡುಗೆಮನೆಯಲ್ಲಿ ಕುಸಿದು ಕೂತ.

ಅಡುಗೆಯಕ್ಕ ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸಲಿಲ್ಲ. "ಅಳೋ ಕೆಲಸ ನನಗಿರ್ಲಿ, ನಿಂಗ್ಯಾಕೆ? ಆ ಜಾರೋ ಕುರ್ಚಿ ಎಲ್ಲಿಟ್ಟಿದ್ದೀಯ? ಹಾಕು ಆ ಮೀಸೆಯವನಿಗೆ. ಕಾಫಿ ಆರೋದ್ರೊಳಗೆ ಜಾಗ ಖಾಲಿ ಮಾಡ್ತಾನೆ."

"ಯಜಮಾನರ ಮಾತು ಮೀರೋದೇ?"

"ಮಗ ಮುಖ್ಯಾನೋ ಮಾತು ಮುಖ್ಯಾನೋ?" ಬಾಗಿಲಿಗೊರಗಿ ನಿಂತಿದ್ದ ಮನೆಯ ಡ್ರೈವರು ಕೇಳಿದ. "ಅವರು ಎದ್ದ ತಕ್ಷಣ ನಂಗೆ ಕೈ ಮಾಡು. ಕಾರು ತಂದು ಹಾರನ್ ಹೊಡೀತೀನಿ. ಕೂತ್ಕೊಳ್ಳೋ ಮನಸ್ಸು ಮತ್ತೆ ಬರಬಾರದು."

ಊಟ ಮುಗಿಯಿತು. ಬಾಗಿಲಣ್ಣ ಮೆತ್ತನೆ ಕುರ್ಚಿಯನ್ನು ಮೇಜಿನಿಂದ ದೂರ ಕಿಟಕಿಯ ಮೂಲೆಗೆ ಸರಿಸಿ, ಸೇನಾಪತಿಗೆಂದು ಮೋಟು ಕುರ್ಚಿ ಹಾಕಿದ್ದ. ಮೋಟು ಕುರ್ಚಿಯ ಹತ್ತಿರಕ್ಕೆ ಮೊದಲು ಬಂದವರು ಸ್ಥೂಲಕಾಯದ ಕೃಷಿಮಂತ್ರಿಗಳು, ಯುದ್ಧ ಬೇಡವೆನ್ನುವವರು. ಬಾಗಿಲಣ್ಣ ಗಾಬರಿಯಿಂದ ಕುರ್ಚಿ ಎಳೆದ; ಅವರು ಗಾಳಿಯ ಮೇಲೆ ಅರ್ಧ ಕೂತು, ಮೇಜು ಹಿಡಿದು ಬದುಕಿಕೊಂಡರು. ಕೊನೆಗೆ ಸೇನಾಪತಿಯೇ ಅದರಲ್ಲಿ ಕೂತರು. ಹಿರಿಯ ಮಂತ್ರಿಗಳು ಬಾಗಿಲಣ್ಣನನ್ನು ದುರುಗುಟ್ಟಿ ನೋಡಿದರು. ಅವನು ನೆಲ ನೋಡಿದ.

ಮಾತು ಶುರುವಾಯಿತು. ಬಾಗಿಲ ಸಂದಿಯಿಂದ ಬಾಗಿಲಣ್ಣ ಕಣ್ಣಿಟ್ಟ. ಸೇನಾಪತಿ ಪಾಚಿಗಟ್ಟಿದ ಮೆಟ್ಟಿಲ ಮೇಲೆ ಸಿಕ್ಕಿಕೊಂಡವರಂತೆ ಜಾರಿದರು, ಸರಿದರು, ಮತ್ತೆ ಜಾರಿದರು. ಮುಖ ಕೆಂಪಗಾಯಿತು. ಕಡೆಗೆ ತಡೆಯಲಾರದೆ ಎದ್ದೇ ಬಿಟ್ಟರು. ಬಾಗಿಲಣ್ಣ ಕೈ ಮಾಡಿದ. ಡ್ರೈವರು ಹಾರನ್ ಬಾರಿಸಿದ.

ಸೇನಾಪತಿ ಹೋಗಲಿಲ್ಲ. ಮೇಜು ಗುದ್ದಿ, "ಕೇಳಿ! ಹೊರಗೆ ದೇಶ ಕಾಯ್ತಾ ಇದೆ! ನೀವಿನ್ನೂ ಕೂತಿದ್ದೀರಾ?" ಎಂದು ಗುಡುಗಿದರು.

ತೂಕಡಿಸುತ್ತಿದ್ದವರೆಲ್ಲ ಬೆಚ್ಚಿ ಒಬ್ಬೊಬ್ಬರಾಗಿ ಎದ್ದು ನಿಂತರು. ಕೃಷಿಮಂತ್ರಿಗಳೂ ನಿಂತರು. ಯುದ್ಧವೆಂದು ತೀರ್ಮಾನವಾಯಿತು.

ಹೊರಡುವಾಗ ಸೇನಾಪತಿ ಬಾಗಿಲಣ್ಣನ ಬೆನ್ನು ತಟ್ಟಿ, "ಭೇಷ್! ಒಳ್ಳೆ ಕುರ್ಚಿ ಕಣಯ್ಯ. ಕಾರಿಗೆ ಹಾಕು, ಇನ್ಮೇಲೆ ಎಲ್ಲ ಸಭೆಗೂ ಇದೇ," ಎಂದರು.

ಮನೆ ಖಾಲಿಯಾದ ಮೇಲೆ ಹಿರಿಯ ಮಂತ್ರಿಗಳು ಕಿಟಕಿಯ ಬಳಿ ನಿಂತರು. ದನಿ ಏರಿಸಲಿಲ್ಲ.

"ಊಟ ಆದ್ಮೇಲೆ ಮೆತ್ತಗೆ ಕೂತರೆ ಆ ಮನುಷ್ಯ ಗೊರಕೆ ಹೊಡೀತಾನೆ, ಯಾವ ಸಭೆಯಲ್ಲಾದರೂ ಅಷ್ಟೆ. ಅವನು ಏಳೋದ್ರೊಳಗೆ ಉಳಿದವರ ಕೈಲಿ ಯುದ್ಧ ಬೇಡ ಅನ್ನಿಸಿ ಮುಗಿಸೋಣ ಅಂದ್ಕೊಂಡಿದ್ದೆ."

"ನಂಗೊಂದು ಮಾತು ಹೇಳಬಾರದಿತ್ತೇ, ಬುದ್ಧಿ?"

"ಕುರ್ಚಿ ಹಾಕೋದಕ್ಕೂ ಕಾರಣ ಹೇಳಬೇಕಾಗುತ್ತೆ ಅಂತ ಗೊತ್ತಿರಲಿಲ್ಲ ಕಣಯ್ಯ."

ಯಜಮಾನರೆದುರು ಎಂದೂ ಕೂರದ ಬಾಗಿಲಣ್ಣ ಅವರ ಮೆತ್ತನೆ ಕುರ್ಚಿಯಲ್ಲಿ ಕೂತುಬಿಟ್ಟ. ಯಜಮಾನರು ಏಳು ಎನ್ನಲಿಲ್ಲ. ಬಿಸಿಲು ಅವನ ಮೊಣಕಾಲಿನಿಂದ ನೆಲಕ್ಕೆ, ನೆಲದಿಂದ ಗೋಡೆಗೆ ಸರಿಯಿತು. ಆ ಕುರ್ಚಿಯಲ್ಲಿ ಕೂತೂ ನಿದ್ದೆ ಬಾರದವನು ಅವನೊಬ್ಬನೇ.