ಮಡಚುವ ಕಂಪ್ಯೂಟರೂ ಕಿಟಕಿ ಪಕ್ಕದ ಮೇಜೂ

ಒಂದಾನೊಂದು ಕಾಲದಲ್ಲಿ, ಕಂಪ್ಯೂಟರುಗಳೆಲ್ಲ ಒರಳುಕಲ್ಲಿನ ಹಾಗೆ ಕೂರಿಸಿದಲ್ಲೇ ಕೂತಿರುತ್ತಿದ್ದ ಕಾಲದಲ್ಲಿ, ನೀರೆತ್ತುವ ಪಂಪು ಮಾರುವ ಕಚೇರಿಯೊಂದರಲ್ಲಿ ಒಬ್ಬ ಬೆರಳಚ್ಚುಗಾರನಿದ್ದ. ಕತೆಯ ರಾಜಕುಮಾರರಿಗೆ ಅರ್ಧ ರಾಜ್ಯದ ಆಸೆಯಾದರೆ ಇವನಿಗೆ ಕಿಟಕಿ ಪಕ್ಕದ ಮೇಜಿನ ಆಸೆ. ಹನ್ನೊಂದು ವರ್ಷದಿಂದ ಅವನ ಕುರ್ಚಿ ಇದ್ದದ್ದು ಶೌಚಾಲಯದ ಬಾಗಿಲಿಗೆ ಬೆನ್ನು ಕೊಟ್ಟುಕೊಂಡು. ಯಾರು ಹೊರಬಂದರೂ ಬಾಗಿಲು ಅವನಿಗೊಂದು ಗುದ್ದು ಕೊಡುತ್ತಿತ್ತು. ಗುದ್ದಿನ ಜೋರು ನೋಡಿಯೇ ಬಂದವರು ಯಾರೆಂದು ತಿರುಗದೆ ಹೇಳುವಷ್ಟು ಅವನು ಪಳಗಿದ್ದ.

ಒಂದು ಬೆಳಿಗ್ಗೆ ಸಾಹೇಬರು ಕಪ್ಪು ಪೆಟ್ಟಿಗೆಯೊಂದನ್ನು ಅವನ ಕೈಗಿಟ್ಟರು.

“ಮಡಚೋ ಕಂಪ್ಯೂಟರ್ ಕಣ್ರೀ. ಒಂದಿನ ನೋಡೋಕೆ ಕೊಟ್ಟಿದ್ದಾರೆ. ಗುಣ ಒಂದು ಪುಟ, ದೋಷ ಒಂದು ಪುಟ ಬರೀರಿ. ಐದು ಗಂಟೆಗೆ ಬೇಕು. ಚೆನ್ನಾಗಿದ್ರೆ ಆ ಕಿಟಕಿ ಮೇಜು ನಿಮ್ದೇ.”

“ದೋಷವಾ ಸಾರ್? ಇದರಲ್ಲಾ?” ಎಂದ ಬೆರಳಚ್ಚುಗಾರ, ತನ್ನ ಕೂಸನ್ನೇ ಯಾರೋ ಕಪ್ಪು ಎಂದ ಹಾಗೆ.

ಎದೆ ಸೆಟೆಸಿ ಅದನ್ನು ಕಂಕುಳಲ್ಲಿ ಹೊತ್ತು ನಡೆದ. ಹತ್ತು ಹೆಜ್ಜೆಗೆ ಒಂದು ಭುಜ ಇಳಿಯಿತು, ಎದೆ ಮಾತ್ರ ಇಳಿಯಲಿಲ್ಲ.

ಮುಚ್ಚಳ ತೆರೆದದ್ದೇ ತಡ, ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ ಜನ ಮುತ್ತಿದರು. ಪಕ್ಕದಿಂದ ಇಣುಕಿದ ಹೆಡ್‌ಕ್ಲಾರ್ಕು ಮೂಗು ಮುರಿದರು. ಕಿಟಕಿ ಮೇಜಿನ ಮೇಲೆ ಅವರಿಗೂ ಕಣ್ಣಿತ್ತು.

“ಏನಯ್ಯಾ ಇದು, ಬರೀ ಬೂದಿ ಬಳಿದ ಹಾಗಿದೆ! ಅಕ್ಷರ ಎಲ್ಲಿ?”

“ನೇರ ಎದುರಿಂದ ನೋಡಿದ್ರೆ ಮಾತ್ರ ಕಾಣುತ್ತೆ ಸಾರ್. ಗುಟ್ಟು ಕಾಪಾಡುತ್ತೆ.”

ಹೆಡ್‌ಕ್ಲಾರ್ಕು ಅವನ ಎಡ ಭುಜದ ಮೇಲೆ ಗದ್ದವೂರಿದರು. ಸ್ಟೋರಿನ ಮೇಡಂ ಬಲ ಭುಜದ ಮೇಲೆ. ರಾವಣನ ಹತ್ತರಲ್ಲಿ ಮೂರು ತಲೆ ರಜೆಯ ಮೇಲೆ ಬಂದಂತಿತ್ತು. ಅಷ್ಟರಲ್ಲಿ ಹಿಂದಿನ ಬಾಗಿಲು ತೆರೆಯಿತು. ಒಂದೇ ಗುದ್ದಿಗೆ ಮೂವರ ಹಣೆಗಳೂ ಪರದೆಗೆ ನಮಸ್ಕಾರ ಮಾಡಿದವು.

“ಗಟ್ಟಿ ಇದೆ, ನೋಡಿ!” ಎಂದ ಬೆರಳಚ್ಚುಗಾರ, ಹಣೆ ಉಜ್ಜಿಕೊಳ್ಳುತ್ತ.

ಹನ್ನೊಂದೂವರೆಗೆ ಕೆಂಪು ದೀಪ ಮಿಟುಕತೊಡಗಿತು. ಅಜ್ಜಿಯರ ಕತೆಯ ರಾಕ್ಷಸನ ಪ್ರಾಣ ಗಿಳಿಯಲ್ಲಿದ್ದರೆ ಇದರದ್ದು ಬ್ಯಾಟರಿಯಲ್ಲಿ, ಗಿಳಿಯ ಆಯಸ್ಸು ಒಂದೂವರೆ ತಾಸು. ಅವನ ಮೇಜಿನ ಬಳಿ ಪ್ಲಗ್ಗಿರಲಿಲ್ಲ. ಚಹಾ ಕಾಯಿಸುವ ಮೂಲೆಯಲ್ಲಿ ಒಂದಿತ್ತು. ಅಲ್ಲಿ ಸ್ಟೂಲು ಹಾಕಿಕೊಂಡು ಮುಕ್ಕಾಲು ಪುಟ ಬರೆದಿದ್ದ, ಅಷ್ಟರಲ್ಲಿ ಜವಾನ ಬಂದು ಅದರ ತಂತಿ ಕಿತ್ತು ಕೆಟಲಿನದನ್ನು ಸಿಕ್ಕಿಸಿದ. ಪರದೆ ಕಪ್ಪಾಯಿತು.

“ಅಯ್ಯೋ, ಬರೆದದ್ದೆಲ್ಲ ಹೋಯ್ತಲ್ಲೋ!”

“ಎಲ್ಲಿಗ್ ಹೋಗುತ್ತಣ್ಣ? ಮುಚ್ಚಳ ಇದೆಯಲ್ಲ, ಒಳಗೇ ಇರುತ್ತೆ,” ಎಂದ ಜವಾನ. “ಚಹಾ ಕುಡೀತೀಯಾ?”

‘ಸೇವ್’ ಗುಂಡಿ ಒತ್ತಿ ಉಳಿಸದಿದ್ದರೆ ಬರೆದದ್ದು ಉಳಿಯುವುದಿಲ್ಲವೆಂದು ಯಾರಿಗೆ ಗೊತ್ತು! ಬೆರಳಚ್ಚುಗಾರ ಪೆಟ್ಟಿಗೆ ಹೊತ್ತು ಕಚೇರಿಯೆಲ್ಲ ಸುತ್ತಿದ. ಕೊನೆಗೆ ಮೆಟ್ಟಿಲ ತಿರುವಿನಲ್ಲಿ, ಫ್ಯಾನಿಗೆಂದು ಹಾಕಿಸಿ ಫ್ಯಾನೇ ಬಾರದ ಪ್ಲಗ್ಗೊಂದು ಸಿಕ್ಕಿತು. ಮೆಟ್ಟಿಲ ಮೇಲೆಯೇ ಕೂತು ತೊಡೆಯ ಮೇಲೆ ಅದನ್ನಿಟ್ಟುಕೊಂಡ. ಅರ್ಧ ಗಂಟೆಗೆ ತೊಡೆ ಕಾದ ಹೆಂಚಾಯಿತು. ಹತ್ತುವವರು, ಇಳಿಯುವವರು ಅವನನ್ನು ದಾಟಿಕೊಂಡೇ ಹೋದರು.

ಮೂರು ಗಂಟೆಗೆ ಸಾಹೇಬರೂ ದಾಟಿದರು. “ಇದೇನ್ರೀ, ಇಲ್ಲಿ?”

ಕಷ್ಟ ಹೇಳಿಕೊಳ್ಳಬಹುದಿತ್ತು. ಆದರೆ ಅಭಿಮಾನ ಬಿಡಬೇಕಲ್ಲ! “ಇದಕ್ಕೆ ಎಲ್ಲಾದ್ರೂ ಆಗುತ್ತೆ ಸಾರ್! ರಾಜನ ಹಾಗೆ ಕೂತಿದ್ದೀನಿ!”

ನಾಲ್ಕೂವರೆಗೆ ಗುಣದ ಪುಟ ಮುಗಿಯಿತು. ದೋಷ ಬರೆಯಲು ಮನಸ್ಸೇ ಬರಲಿಲ್ಲ. ಸಾಹೇಬರ ಎದುರು ಪೆಟ್ಟಿಗೆಯನ್ನು ನೇರವಾಗಿಟ್ಟು ಕೈಕಟ್ಟಿ ನಿಂತ. ಅವರು ಕೊನೆಯ ಸಾಲನ್ನು ಗಟ್ಟಿಯಾಗಿ ಓದಿದರು: “ಎಲ್ಲಕ್ಕಿಂತ ದೊಡ್ಡ ಗುಣ, ಇದಕ್ಕೆ ಮೇಜು ಬೇಡ.”

“ಭೇಷ್!” ಸಾಹೇಬರು ಮೇಜು ಗುದ್ದಿದರು. “ಕಣ್ಣಾರೆ ಕಂಡೆ. ಈ ಕಂಪ್ಯೂಟರ್ ಕೊಳ್ಳೋದೇ, ಇನ್ಮೇಲೆ ಇದು ನಿಮ್ದೇ!”

ಬೆರಳಚ್ಚುಗಾರ ನೆಲ ಬಿಟ್ಟು ನಾಲ್ಕು ಬೆರಳು ಮೇಲೆದ್ದ.

“ಮೇಜು ಬೇಡದವರಿಗೆ ಕಿಟಕಿ ಮೇಜು ಯಾಕೆ? ಅದು ಹೆಡ್‌ಕ್ಲಾರ್ಕಿಗಿರಲಿ. ನಿಮ್ಮ ಹಳೇ ಮೇಜು ಸ್ಟೋರಿಗೆ ಹೋಗಲಿ, ಪಾಪ, ಆ ಬಾಗಿಲೂ ಸ್ವಲ್ಪ ಉಸಿರಾಡುತ್ತೆ. ನೀವು ಮೆಟ್ಟಿಲ ಮೇಲೆ ರಾಜನ ಹಾಗಿರಿ. ಅಂದ ಹಾಗೆ, ದೋಷದ ಪುಟ ಎಲ್ರೀ? ಎರಡು ಹೇಳಿದ್ದೆ.”

ಹೆಡ್‌ಕ್ಲಾರ್ಕು ಆಗಲೇ ತಮ್ಮ ನೀರಿನ ಲೋಟ ಹಿಡಿದು ಕಿಟಕಿಯ ಕಡೆ ಹೊರಟಿದ್ದರು.

ಬೆರಳಚ್ಚುಗಾರ ಮೆಟ್ಟಿಲಿಗೆ ಮರಳಿ ಪ್ಲಗ್ಗು ಸಿಕ್ಕಿಸಿದ. ಬೆಳಗಿನಿಂದ ಒಂದೂ ಹೊಳೆಯದ ದೋಷ ಈಗ ಕಟ್ಟೆಯೊಡೆದ ನೀರಿನಂತೆ ನುಗ್ಗಿ ಬಂತು. ತೂಕ, ಬಿಸಿ, ಬೂದಿಬಣ್ಣದ ಪರದೆ, ಗಿಳಿಯ ಆಯಸ್ಸು, ಎಲ್ಲ ಬರೆದ. ಐದಕ್ಕೆ ಎರಡು ನಿಮಿಷವಿದ್ದಾಗ ಪುಟದ ತಳದಲ್ಲಿ ಒಂದೇ ಸಾಲಿನ ಜಾಗ ಉಳಿದಿತ್ತು.

“ಎಲ್ಲಕ್ಕಿಂತ ದೊಡ್ಡ ದೋಷ, ಇದಕ್ಕೆ ಮೇಜು ಬೇಡ.”

ಈ ಸಲ ಮರೆಯದೆ ಉಳಿಸಿದ.