ಹದಿನಾಲ್ಕು ಇಂಟರ್‌ವ್ಯೂಗಳ ಸೋದರಮಾವ

ನಮ್ಮ ಸೋದರಮಾವ ತಮ್ಮ ಆಯುಷ್ಯದಲ್ಲಿ ಹದಿನಾಲ್ಕು ಇಂಟರ್‌ವ್ಯೂಗಳಿಗೆ ಹೋಗಿದ್ದಾರೆ. ಹದಿನಾಲ್ಕರಲ್ಲೂ ಫೇಲಾಗಿದ್ದಾರೆ. ಆದ್ದರಿಂದಲೇ ನೋಡಿ, ಶಹಾಬಾದಿನಿಂದ ಸೇಡಂವರೆಗೆ, ಚಿತ್ತಾಪುರದಿಂದ ಚಿಂಚೋಳಿವರೆಗೆ, ನೆಂಟರಿಷ್ಟರಲ್ಲಿ ಯಾರ ಮನೆಗೆ ಇಂಟರ್‌ವ್ಯೂ ಪತ್ರ ಬಂದರೂ ಮೊದಲು ದೇವರಿಗೆ ಕಾಯಿ, ಆಮೇಲೆ ನಮ್ಮ ಮಾವನಿಗೆ ಫೋನು! ತಮಾಷೆಯಲ್ಲ, ನಿಜವಾಗಿ ಹೇಳುತ್ತಿದ್ದೇನೆ. ಪಾಸಾದವನು ಒಂದೇ ಒಂದು ಇಂಟರ್‌ವ್ಯೂ ಕಂಡಿರುತ್ತಾನೆ. ಅವನ ಅನುಭವ ಎಷ್ಟು ಮಹಾ?

ಒಮ್ಮೆ ಮದುವೆಯ ಪಂಕ್ತಿಯಲ್ಲಿ ಚಿತ್ತಾಪುರದ ನಿವೃತ್ತ ಮಾಸ್ತರರೊಬ್ಬರು ಎಲ್ಲರೆದುರು ಕೇಳಿಯೇಬಿಟ್ಟರು.

"ಅಲ್ರೀ, ನೀವೇ ಒಂದರಾಗೂ ಪಾಸಾಗಿಲ್ಲ. ಮಂದಿಗಿ ಏನ್ ಕಲಿಸ್ತೀರಿ?"

ಮಾವ ಭಜಿ ಮುರಿಯುತ್ತ ತಣ್ಣಗೆ ಹೇಳಿದರು: "ಮಾಸ್ತರೇ, ಬಾವ್ಯಾಗ ಯಾವ ಮೆಟ್ಟಲ ಮುರದದ ಅಂಬೋದು ಬಿದ್ದವನಿಗೇ ಗೊತ್ತಿರ್ತದ. ದಂಡಿ ಮ್ಯಾಲ ಕುಂತವ್ರಿಗೇನ್ ಗೊತ್ತು?"

ಮಾಸ್ತರರು ಅನ್ನಸಾರಿನ ಕಡೆ ಗಮನ ಕೊಟ್ಟರು.

ಮಾವನ ಕೆಲಸ ಶಹಾಬಾದಿನ ಹೊರಗೆ ಒಂದು ಕಲ್ಲಿನ ಡಿಪೋದಲ್ಲಿ. ನೆಲಕ್ಕೆ ಹಾಸುವ ಫರಸಿ ಕಲ್ಲುಗಳನ್ನು ಒಂದೊಂದಾಗಿ ತಟ್ಟಿ ಆರಿಸುವುದು. ಕಲ್ಲು ಠಣ್ ಅಂದರೆ ಗಟ್ಟಿ, ಥಪ್ ಅಂದರೆ ಒಳಗೆ ಬಿರುಕು. ಮೇಲಿಂದ ಎಷ್ಟು ನುಣುಪಾಗಿದ್ದರೂ ಮಾವನ ಕಿವಿಗೆ ಮೋಸ ಮಾಡಲಾಗದು. ಇಂಟರ್‌ವ್ಯೂಗೆ ಹೋಗುವವರನ್ನೂ ಅವರು ಹೀಗೆಯೇ ಪರೀಕ್ಷಿಸುತ್ತಾರೆ. ಕಲ್ಲಿನ ಅಟ್ಟಿಗಳ ನಡುವೆ ನಿಲ್ಲಿಸಿ, ಕಣ್ಣು ಮುಚ್ಚಿಕೊಂಡು, "ಹೆಸರ್ ಹೇಳು" ಅನ್ನುತ್ತಾರೆ. ಆರಡಿ ಎತ್ತರದ, ಹುರಿಮೀಸೆಯ ಪೈಲ್ವಾನನಂಥವನೊಬ್ಬ ತನ್ನ ಹೆಸರು ಹೇಳಿದ್ದೇ ತಡ, ಮಾವ ಕಣ್ಣು ತೆರೆಯದೆಯೇ "ಥಪ್" ಅಂದರು. ಪಾಪ, ಅವನು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲವಂತೆ!

ನನ್ನ ಮೇಲೆ ಅವರು ತೀರ್ಪು ಕೊಡುವ ಅಗತ್ಯವೇ ಇರಲಿಲ್ಲ. ಬಿ.ಎಸ್ಸಿ ಮುಗಿಸಿ ಮೊದಲ ಇಂಟರ್‌ವ್ಯೂಗೆ ಹೋದಾಗ "ನಿಮ್ಮ ಹೆಸರೇನಮ್ಮ?" ಎಂದು ಕೇಳಿದ್ದಕ್ಕೆ ನಾನು "ಗೊತ್ತಿಲ್ಲ ಸರ್" ಎಂದು ಹೇಳಿ ಬಂದವಳು. ಎರಡನೆಯದು ಸೇಡಂ ಹತ್ತಿರದ ಸಿಮೆಂಟ್ ಕಾರ್ಖಾನೆಯೊಂದರ ಪ್ರಯೋಗಾಲಯದ ಕೆಲಸಕ್ಕೆ. ಇದೂ ಕೈತಪ್ಪಿದರೆ ಪದವಿಯನ್ನು ಟ್ರಂಕಿಗೆ ಹಾಕಿ, ಅಪ್ಪ ತೋರಿಸಿದ ಹುಡುಗನಿಗೆ ಕೊರಳೊಡ್ಡಬೇಕೆಂದು ಮನೆಯಲ್ಲಿ ಕರಾರಾಗಿತ್ತು. ನನಗೆ ಆ ಕೆಲಸ ಬೇಕಿತ್ತು. ಗಾಜಿನ ನಳಿಗೆಗಳ ನಡುವೆ ಬಿಳಿ ಕೋಟು ತೊಟ್ಟು ನಿಲ್ಲುವ ಕನಸನ್ನು ಹೈಸ್ಕೂಲಿನಿಂದ ಕಂಡವಳು ನಾನು. ಹತ್ತು ದಿನ ಮೊದಲೇ ಮಾವನ ಡಿಪೋಗೆ ಹೋಗಿ ಅಳುತ್ತ ನಿಂತೆ.

"ಅಳಬ್ಯಾಡ," ಅಂದರು ಮಾವ. "ಮೊದಲ ಕುಂದ್ರದು ಕಲಿ."

ಮಾವನ ಪಾಠಶಾಲೆಯಲ್ಲಿ ಕುರ್ಚಿಯೇ ಮೊದಲ ಪಾಠ. ಇದಕ್ಕೊಂದು ಕಾರಣವಿದೆ. ನಮ್ಮ ಕಡೆ ಯಾರ ಮನೆಗೆ ಹೋದರೂ ಮೊದಲ ಸಲ "ಕುಂದ್ರಿ" ಅಂದಾಗ ಕೂತುಬಿಟ್ಟರೆ ಮರ್ಯಾದೆಯಲ್ಲ. "ಇರ್ಲಿ ಬಿಡ್ರಿ" ಅನ್ನಬೇಕು. ಎರಡನೆಯ ಸಲಕ್ಕೆ "ಹಿಂಗೇ ಛಲೋ ಅದ" ಅನ್ನಬೇಕು. ಮೂರನೆಯ ಸಲ ರಟ್ಟೆ ಹಿಡಿದು ಎಳೆದಾಗ, ಒಲ್ಲದ ಮನಸ್ಸಿನಿಂದ ಕೂತಂತೆ ಕೂಡಬೇಕು. ಮಾವ ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಗುಮಾಸ್ತನ ಕೆಲಸಕ್ಕೆಂದು ಇದೇ ಮರ್ಯಾದೆಯನ್ನು ಕಟ್ಟಿಕೊಂಡು ಹೋದರು. ಒಳಗಿದ್ದವರು ಬೇರೆ ಸೀಮೆಯ ಸಾಹೇಬರು. ಒಂದೇ ಸಲ "ಕೂತ್ಕೊಳ್ಳಿ" ಅಂದರು. ಮಾವ ಕೈಮುಗಿದು "ಇರ್ಲಿ ಬಿಡ್ರಿ ಸಾಹೇಬ್ರೆ" ಅಂದರು. ಸಾಹೇಬರು ಇರಲೆಂದು ಬಿಟ್ಟೇಬಿಟ್ಟರು!

"ಎರಡನೇ ಸಲ ಅಂತಾರ, ಈಗ ಅಂತಾರ ಅಂತ ಕಾಯ್ಲಿಕತ್ತೀನಿ," ಎಂದು ಮಾವ ಆ ಕಥೆಯನ್ನು ನಕ್ಕು ನಕ್ಕು ಹೇಳುತ್ತಾರೆ. "ನನ್ನ ಧ್ಯಾನೆಲ್ಲ ಕುರ್ಚಿ ಮ್ಯಾಗ. 'ಬೀದರ್‌ದಾಗ ಕೋಟೆ ಎಷ್ಟವ' ಅಂತ ಏನೋ ಕೇಳಿದ್ರವ್ವ. ನಾ, 'ಒಂದೇ ಅದ ಸಾಹೇಬ್ರೆ, ಅದೂ ಖಾಲಿ ಅದ' ಅಂದೆ!"

ಉಳಿದ ಹದಿಮೂರರಲ್ಲೂ ಇದೇ ಗತಿಯಾಯಿತೇ ಎಂದು ಕೇಳಿದೆ. "ಹುಟ್ಟುಗುಣ ಸುಟ್ಟರೂ ಹೋಗಲ್ಲವ್ವ" ಅಂದರು. ಚಿಂಚೋಳಿಯಲ್ಲಿ ಒಮ್ಮೆ ಹೇಗೋ ಪ್ರಶ್ನೆ ಕಿವಿಗೆ ಬಿತ್ತಂತೆ. ನಿಮ್ಮ ದೌರ್ಬಲ್ಯವೇನು ಎಂದು ಕೇಳಿದರಂತೆ. ನಿಂತಲ್ಲಿಂದಲೇ ಮಾವ, "ಚಹಾಕ್ಕ ಮೂರು ಚಮಚ ಸಕ್ಕರಿ ಬೇಕ್ರಿ" ಎಂದು ಪ್ರಾಮಾಣಿಕವಾಗಿ ಒಪ್ಪಿಕೊಂಡರು.

ಹೀಗಾಗಿ ಡಿಪೋದಲ್ಲಿ ಒಂದು ಮುರುಕು ಕುರ್ಚಿ ಇಟ್ಟು, ಬಂದವರಿಗೆಲ್ಲ ಮೊದಲ ಮಾತಿಗೇ ಕೂಡುವ ಅಭ್ಯಾಸ ಮಾಡಿಸುತ್ತಾರೆ. ಆಡಕಿಯಿಂದ ಬಂದ ಎಂ.ಎ. ಪದವೀಧರನೊಬ್ಬ ಎಷ್ಟು ಸಂಭಾವಿತನೆಂದರೆ ನಾಲ್ಕು ದಿನ ಬಾಯಿ ಬಡಿದುಕೊಂಡರೂ "ಇರ್ಲಿ ಬಿಡ್ರಿ" ಬಿಡಲಿಲ್ಲ. ಐದನೆಯ ದಿನ ಮಾವ ಗದರಿಸಿ ಗದರಿಸಿ ಅವನ ಸಂಕೋಚವನ್ನು ಬೇರುಸಹಿತ ಕಿತ್ತರು. ಅವನು ಇಂಟರ್‌ವ್ಯೂ ಕೋಣೆಗೆ ನುಗ್ಗಿದವನೇ ಕಂಡ ಕುರ್ಚಿಯಲ್ಲಿ ಕೂತ. ಅದು ಇನ್ನೂ ಬಾರದಿದ್ದ ದೊಡ್ಡ ಸಾಹೇಬರ ಕುರ್ಚಿ!

"ಔಷಧ ಜರಾ ಜಾಸ್ತಿ ಆಯ್ತು," ಎಂದು ಮಾವ ಒಪ್ಪಿಕೊಂಡರು. ನನಗೆ ಪ್ರಮಾಣ ಕಡಿಮೆ ಮಾಡಿದರು.

ಎರಡನೆಯ ಪಾಠ ರೈಲಿನಲ್ಲಿ. ವಾಡಿಯಿಂದ ನಾಲವಾರದ ಕಡೆ ಹೋಗುವ ಪ್ಯಾಸೆಂಜರಿನಲ್ಲಿ ಮೂವರು ಕೂಡುವ ಸೀಟಿನಲ್ಲಿ ನಾಲ್ಕನೆಯವರಾಗಿ ಜಾಗ ಸಂಪಾದಿಸುವುದು. "ಕುಂತ ಮಂದೀನ ನಾಕ ಬೆರಳ ಸರಿಸಿದಿ ಅಂದ್ರ, ಯಾವ ಸಾಹೇಬನ ಮುಂದೂ ನೀ ಅಂಜಲ್ಲ" ಎಂಬುದು ಮಾವನ ಸಿದ್ಧಾಂತ. ಮೊದಲ ದಿನ ನಾನು "ಸ್ವಲ್ಪ..." ಅಂದೆ. ಒಬ್ಬರು ಕಿಟಕಿ ನೋಡಿದರು, ಒಬ್ಬರು ಮೊಬೈಲು ನೋಡಿದರು, ಇನ್ನೊಬ್ಬರು ಗೊರಕೆಯನ್ನೇ ಹೊಡೆದುಬಿಟ್ಟರು. ನಾಲವಾರದವರೆಗೆ ನಿಂತೇ ಹೋದೆ, ನಿಂತೇ ಬಂದೆ. ಮೂರನೆಯ ದಿನ ಕಾಲು ನೋವು ತಡೆಯದೆ ನನ್ನ ಬಾಯಿಂದ ಬಂತು: "ಅಣ್ಣಾರೆ, ಜರಾ ಸರೀರಿ! ಟಿಕೀಟ ನಾನೂ ತಗೊಂಡೀನಿ!" ಮೂವರೂ ಸರಿದರು. ಬಾಗಿಲ ಬಳಿ ಜೋತುಬಿದ್ದಿದ್ದ ಮಾವ ಅಲ್ಲಿಂದಲೇ ಕೂಗಿದರು: "ಠಣ್!"

ಕೂತದ್ದೇ ತಡ, ಎದುರಿಗಿದ್ದ ಅಜ್ಜಿ ಶುರುಮಾಡಿದಳು. ಯಾವೂರು? ಯಾರ ಮಗಳು? ಎಷ್ಟು ಓದೀದಿ? ನೌಕರಿ ಯಾಕ ಇಲ್ಲ? ಕೊಟ್ರ ಮಾಡ್ತೀಯೇನು? ಅಡಗಿ ಬರ್ತದೇನು? ನಾನು ಒಂದಕ್ಕೂ ತಡವರಿಸದೆ ಉತ್ತರ ಕೊಟ್ಟೆ. ಮಾವ ಹತ್ತಿರ ಬಂದು ಕಿವಿಯಲ್ಲಿ, "ಇಕಿಗಿಂತ ದೊಡ್ಡ ಬೋರ್ಡ್ ಎಲ್ಲೂ ಇಲ್ಲ" ಅಂದರು. ಇಳಿಯುವಾಗ ಅಜ್ಜಿ ಮಾವನ ತೋಳು ಹಿಡಿದು, "ಹುಡುಗಿ ಛಲೋ ಅದಾಳ. ನಮ್ಮ ತಂಗಿ ಮಗನಿಗಿ ಕೊಡ್ತೀರೇನು?" ಎಂದು ಕೇಳಿದಳು. ಜೀವನದಲ್ಲಿ ನಾನು ಪಾಸಾದ ಮೊದಲ ಇಂಟರ್‌ವ್ಯೂ ಅದು!

ಇಂಟರ್‌ವ್ಯೂ ದಿನ ಮಾವ ಕಾರ್ಖಾನೆಯ ಗೇಟಿನವರೆಗೆ ಬಂದು, ಬೇವಿನ ಮರದಡಿ ನಿಂತರು. "ಗೊತ್ತಿಲ್ಲಂದ್ರ ಗೊತ್ತಿಲ್ಲ ಅನ್ನು. ಆದ್ರ ಗಟ್ಟಿ ಅನ್ನು" ಎಂಬುದು ಕೊನೆಯ ಉಪದೇಶ. ಒಳಗೆ ನಾಲ್ವರಿದ್ದರು. "ಕೂತ್ಕೊಳ್ಳಿ" ಅಂದರು. ಮೊದಲ ಮಾತಿಗೇ ಕೂತೆ. ಹೆಸರು ಕೇಳಿದರು. ದೇವರ ದಯೆ, ನೆನಪಿತ್ತು! ಒಬ್ಬರು ಒಂದು ಕಲ್ಲಿನ ತುಂಡನ್ನು ಮುಂದಿಟ್ಟು, ಇದರ ಬಗ್ಗೆ ಹೇಳಿ ಅಂದರು. ಹತ್ತು ದಿನ ಡಿಪೋದಲ್ಲಿದ್ದ ಕೈ ನೋಡಿ, ತಾನಾಗಿ ಕಲ್ಲನ್ನು ಕಿವಿಯ ಹತ್ತಿರ ತಂದು ಪೆನ್ನಿನಿಂದ ತಟ್ಟಿತು. "ಬಿರುಕಿಲ್ಲ ಸರ್" ಅಂದೆ. ನಾಲ್ವರೂ ಬಿದ್ದು ಬಿದ್ದು ನಕ್ಕರು. ಅವರ ನಗುವಿನಲ್ಲಿ ನನ್ನ ಅಂಜಿಕೆಯೂ ಹೋಯಿತು. ಸುಣ್ಣದಕಲ್ಲಿನ ಬಗ್ಗೆ ಗೊತ್ತಿದ್ದದ್ದೆಲ್ಲ ಹೇಳಿದೆ. ಗೊತ್ತಿಲ್ಲದ ಎರಡು ಪ್ರಶ್ನೆಗಳಿಗೆ "ಗೊತ್ತಿಲ್ಲ ಸರ್, ಕಲಿತೀನಿ" ಎಂದು ಗಟ್ಟಿಯಾಗಿ ಅಂದೆ. ಕೆಲಸ ಸಿಕ್ಕಿತು.

ಕೆಲಸಕ್ಕೆ ಸೇರಿದ ಮೂರನೆಯ ವಾರ ಮಾವ ನನ್ನನ್ನು ನೋಡಲು ಪ್ರಯೋಗಾಲಯಕ್ಕೆ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಪೆನ್ನು, ಕೈಯಲ್ಲಿ ಅತ್ತೆ ಕಳಿಸಿದ ಶೇಂಗಾ ಹೋಳಿಗೆಯ ಡಬ್ಬಿ. ಬಾಗಿಲಲ್ಲಿ ನಿಂತು, "ಒಳಗ ಬರಲೇನವ್ವ?" ಅಂದರು. ಸೋದರಸೊಸೆಯನ್ನು ಯಾರಾದರೂ ಹಾಗೆ ಕೇಳುತ್ತಾರೆಯೇ?

"ಬಾ ಮಾವ, ಕುಂದ್ರು," ಅಂದೆ.

"ಇರ್ಲಿ ಬಿಡವ್ವ."

ನಾನು ನಕ್ಕುಬಿಟ್ಟೆ. "ಏನ್ ಮಾವ, ಮಂದಿಗೆಲ್ಲ ಕಲಿಸಿ ನೀನೇ ಫೇಲಾದ್ಯಲ್ಲ!"

ಅವರೂ ನಕ್ಕರು. ಆದರೆ ಕೂಡಲಿಲ್ಲ. ಡಬ್ಬಿಯನ್ನು ಎರಡೂ ಕೈಯಲ್ಲಿ ಎದೆಗೆ ಹಿಡಿದುಕೊಂಡು, ಕುರ್ಚಿಯಿಂದ ಒಂದು ಮಾರು ದೂರ, ಕಾಲು ಜೋಡಿಸಿ ನಿಂತಿದ್ದರು. ಇಪ್ಪತ್ತೆರಡರ ಹರೆಯದಲ್ಲಿ ಹೇಗೆ ನಿಂತಿದ್ದರೋ ಹಾಗೆಯೇ ಇರಬೇಕು. ನನ್ನ ನಗು ಅಲ್ಲೇ ನಿಂತಿತು. ಹದಿನಾಲ್ಕು ಸಲ ಈ ಮನುಷ್ಯ ಹೀಗೆ ನಿಂತಿದ್ದಾನೆ, ಇನ್ನೊಂದು ಮಾತಿಗಾಗಿ ಕಾದಿದ್ದಾನೆ. ಯಾರೂ ಅದನ್ನು ಹೇಳಲಿಲ್ಲ. ಈ ಕಥೆಗೆ ನಾನು ಎಷ್ಟು ಸಲ ಹೊಟ್ಟೆ ಹಿಡಿದು ನಕ್ಕಿದ್ದೆ! ನನಗೆ ನಾಚಿಕೆಯಾಯಿತು.

"ಕುಂದ್ರು ಮಾವ," ಎಂದೆ, ಎರಡನೆಯ ಸಲ.

"ಹಿಂಗೇ ಛಲೋ ಅದವ್ವ. ನಿನ್ನ ಕೆಲಸ ಕೆಡ್ತದ."

ನಾನು ಎದ್ದು ಹೋಗಿ, ಡಬ್ಬಿಯನ್ನು ಮೇಜಿನ ಮೇಲಿಟ್ಟು, ಅವರ ರಟ್ಟೆ ಹಿಡಿದು ಎಳೆದೆ. "ಕುಂದ್ರಿ ಮಾವ."

ಮಾವ ಕರವಸ್ತ್ರದಿಂದ ಕುರ್ಚಿ ಒರೆಸಿದರು. ಕೂತರು. ಮೊದಲು ತುದಿಯಲ್ಲಿ, ಆಮೇಲೆ ಮೆಲ್ಲಗೆ ಹಿಂದಕ್ಕೆ ಸರಿದು, ಬೆನ್ನು ತಾಗಿಸಿ. ಅಂಗಿಯ ತುದಿ ಎಳೆದು ಸರಿಮಾಡಿಕೊಂಡು ನನ್ನ ಮುಖ ನೋಡಿದರು.

"ಹಾಂ," ಅಂದರು, "ಈಗ ಕೇಳವ್ವ, ಏನ್ ಕೇಳ್ತಿ."

ಏನು ಕೇಳಲಿ? ಅವರು ಹತ್ತು ದಿನ ತಟ್ಟಿ ತಟ್ಟಿ ಗಟ್ಟಿ ಮಾಡಿದ್ದ ದನಿ ಥಪ್ ಎಂದಿತು. ಚಹಾಕ್ಕೆ ಸಕ್ಕರೆ ಎಷ್ಟು ಚಮಚ ಎಂದು ಮಾತ್ರ ಕೇಳಿದೆ.