ಜಪಾನಿನ ವೇಷದ ಒಣಮೀನು

ಮಲೇಷ್ಯಾದ ಸುಬಾಂಗ್ ಜಯಾದ ಅಂಗಡಿಗಳಲ್ಲಿ ಒಣಮೀನಿಗೇನೂ ಬರವಿಲ್ಲ. ಆದರೂ ಮಲ್ಪೆಯ ಕೀರ್ತಿರಾಜನ ಫ್ಲ್ಯಾಟಿನೊಳಗೆ ಅದಕ್ಕೆ ಪ್ರವೇಶವಿರಲಿಲ್ಲ. ಹೆಂಡತಿ ಸಮೀಕ್ಷಾ ಮೈಸೂರಿನವಳು. ಮೀನು ತಿನ್ನುತ್ತಾಳೆ, ವಾಸನೆ ಮಾತ್ರ ಆಗುವುದಿಲ್ಲ. (ವಾಸನೆಯಿಲ್ಲದ ಮೀನು ಯಾವ ಸಮುದ್ರದಲ್ಲಿದೆಯೋ ಅವಳೇ ಬಲ್ಲಳು.) ಮಗಳು ಹಂಸಾಳ ಮೊದಲ ಹುಟ್ಟುಹಬ್ಬಕ್ಕೆ ಊರಿನಿಂದ ಬರುವ ಅತ್ತೆ, ಅಂದರೆ ಕೀರ್ತಿರಾಜನ ಅಮ್ಮ, ಒಣಸಿಗಡಿ ಚಟ್ನಿಯ ಒಂದೇ ಒಂದು ಡಬ್ಬಿ ತರಬಹುದೆಂದು ಸಮೀಕ್ಷಾ ಅಪ್ಪಣೆ ಕೊಡಿಸಿದ್ದಳು. ಆ ಡಬ್ಬಿಯ ಆಸೆಯಲ್ಲೇ ಕೀರ್ತಿರಾಜ ದಿನ ದೂಡುತ್ತಿದ್ದ.

ಅಷ್ಟರಲ್ಲಿ ನಿಷೇಧಿತ ಸರಕೇ ಜಪಾನಿನ ವೇಷ ತೊಟ್ಟು ಮನೆ ಹೊಕ್ಕಿತು. ಆಫೀಸಿನ ಗೆಳತಿಯ ಮಾತು ಕೇಳಿ ಸಮೀಕ್ಷಾ, ಹೊಗೆಯಲ್ಲಿ ಒಣಗಿಸಿದ ಮೀನಿನ ತೆಳು ಚೂರುಗಳನ್ನು ಬಿಸಿನೀರಿಗೆ ಹಾಕಿ, ಸೋಸಿ, ‘ದಾಶಿ’ ಎಂಬ ಸಾರು ಮಾಡಿ ಮಗುವಿನ ಗಂಜಿಗೆ ಬೆರೆಸಿದಳು.

“ಇದು ಒಣಮೀನೇ ಅಲ್ವಾ ಮಾರಾಯ್ತಿ?”

“ಒಣಮೀನಲ್ಲ ರೀ, ದಾಶಿ. ಉಪ್ಪಿಲ್ಲ, ಖಾರ ಇಲ್ಲ. ಪಾಪುಗೆ ತಿನ್ನಿಸಿ, ನಂಗೆ ಮೀಟಿಂಗ್ ಇದೆ.”

ಹಂಸಾ ಮೊದಲ ಚಮಚವನ್ನೇ ಉಗಿದಳು. ಯಾಕಿರಬಹುದೆಂದು ಕೀರ್ತಿರಾಜ ತಾನೊಂದು ಚಮಚ ಬಾಯಿಗಿಟ್ಟ. ಉಪ್ಪಿಲ್ಲದಿದ್ದರೇನು, ಆ ಹೊಗೆಯ ಪರಿಮಳಕ್ಕೆ ಅಮ್ಮನ ಒಲೆ, ಕೆಂಡದ ಮೇಲಿನ ಒಣಬಂಗುಡೆ, ಕುಚ್ಚಲಕ್ಕಿ ಗಂಜಿ ಎಲ್ಲ ನೆನಪಾದವು. ಊರು ಕಾಣದೆ ವರ್ಷಗಳೇ ಆಗಿದ್ದವು. ಬಟ್ಟಲು ಬರಿದಾಯಿತು. ಮಗಳಿಗೆ ಬಾಳೆಹಣ್ಣು ಹಿಸುಕಿ ಕೊಟ್ಟ. ಅಂದಿನಿಂದ ಅಪ್ಪ ಮಗಳ ನಡುವೆ ಇದೇ ಒಪ್ಪಂದ ನಡೆಯಿತು.

ಖಾಲಿ ಬಟ್ಟಲು ಕಂಡು ಹಿಗ್ಗಿದ ಸಮೀಕ್ಷಾ ಅತ್ತೆಗೆ ವಿಡಿಯೊ ಕರೆ ಮಾಡಿದಳು.

“ಅತ್ತೆ, ಹಂಸಾ ದಿನಾ ಮೀನಿನ ಸಾರು ಚಪ್ಪರಿಸ್ತಾಳೆ.”

“ಹೌದಾ? ಹಾಗಾದ್ರೆ ನಿಮ್ಮಲ್ಲೇ ಒಣಮೀನು ಉಂಟಲ್ಲ, ನನ್ನ ಚಟ್ನಿ ಎಂತಕ್ಕೆ? ಡಬ್ಬಿ ತೆಗೆದು ಮಗುವಿನ ಫ್ರಾಕು ಇಡ್ತೇನೆ.”

ಕೀರ್ತಿರಾಜ ಓಡಿಬಂದು ಫೋನಿನ ಮುಂದೆ ನಿಂತ. ಮಾನ ಹೋದರೂ ಸರಿ, ಡಬ್ಬಿ ಹೋಗಬಾರದು.

“ಡಬ್ಬಿ ತೆಗೀಬೇಡ ಅಮ್ಮ. ಸಾರು ಕುಡಿದದ್ದು ಅವಳಲ್ಲ, ನಾನು. ನಿನ್ನ ಅಡುಗೆಮನೆಯ ಪರಿಮಳ ಬರ್ತಿತ್ತು.”

ಆ ಕಡೆ ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಈ ಕಡೆ ಸಮೀಕ್ಷಾ ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ಬಿಪಿಗೆ ಉಪ್ಪು ಬಿಡಿ ಅಂತ ಡಾಕ್ಟರು ಹೇಳಿದ್ರೂ ಕೇಳದೋರು, ಇದನ್ನ ಇಷ್ಟಪಟ್ಟು ಕುಡೀತಾರಲ್ಲ ಅತ್ತೆ. ಇನ್ಮೇಲೆ ಇವರಿಗೂ ಇದೇ. ಡಬ್ಬಿ ಬೇಡ.”

“ಅದೂ ಸರಿಯೇ,” ಎಂದರು ಅಮ್ಮ. “ಆರೋಗ್ಯ ಮುಖ್ಯ ಮಗಾ.”

ಅಮ್ಮ ಬಂದಾಗ ಪೆಟ್ಟಿಗೆಯಲ್ಲಿ ಡಬ್ಬಿಯ ಜಾಗದಲ್ಲಿ ಫ್ರಾಕುಗಳಿದ್ದವು. ಮೊದಲು ಅಲ್ಲಿದ್ದ ಡಬ್ಬಿಯ ಸಿಗಡಿ ವಾಸನೆ ಅವುಗಳಿಗೆ ಅಂಟಿಕೊಂಡಿತ್ತು. ಸಮೀಕ್ಷಾ ಒಗೆಯಲು ಒಯ್ಯುವ ಮೊದಲೇ ಕೀರ್ತಿರಾಜ ಒಂದನ್ನು ಎತ್ತಿಕೊಂಡು, ಅದನ್ನು ಮೂಗಿಗೆ ಹಿಡಿದು ತನ್ನ ಪಾಲಿನ ಉಪ್ಪಿಲ್ಲದ ಗಂಜಿ ಉಂಡ. ಹಂಸಾ ಬಾಳೆಹಣ್ಣು ತಿನ್ನುತ್ತಾ ಅಪ್ಪನನ್ನೇ ನೋಡುತ್ತಿದ್ದಳು.